‘ಮೊದಲೇ ಬೇರೆ ಕಾಯಿಲೆ ಇತ್ತು’ ಎಂದು ಲೆಕ್ಕ ಮುಗಿಸಬೇಡಿ: ಮಹಾಮಾರಿ ಸಿದ್ಧತೆಯ ಯೋಜನೆ ಬರೆಯುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ವಿಶ್ವ ಆರೋಗ್ಯ ಸಂಸ್ಥೆಯ ಸಭೆಗಳಲ್ಲಿ ಕೂರುವ ಆರೋಗ್ಯ ಸಚಿವರಿಗೆ, ಅವರಿಗೆ ಕಡತ ಸಿದ್ಧಮಾಡಿಕೊಡುವ ಅಧಿಕಾರಿಗಳಿಗೆ, ಮುಂದಿನ ಸಾಂಕ್ರಾಮಿಕಕ್ಕೆ ಯೋಜನೆ ಬರೆಯುತ್ತಿರುವ ಎಲ್ಲ ದೇಶಗಳ ತಜ್ಞರಿಗೆ ಈ ಪತ್ರ. ನಾನು ವೈದ್ಯನಲ್ಲ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಯ ಜೊತೆ ಬದುಕುತ್ತಿರುವವನು, ವಯಸ್ಸು ಅರವತ್ತು ದಾಟಿದವನು. ನಿಮ್ಮ ಕೋಷ್ಟಕಗಳಲ್ಲಿ ವಯಸ್ಸಿನ ಲೆಕ್ಕದಲ್ಲೂ ಕಾಯಿಲೆಯ ಲೆಕ್ಕದಲ್ಲೂ ‘ಹೆಚ್ಚಿನ ಅಪಾಯ’ದ ಗುಂಪಿಗೆ ಬೀಳುವವನು. ಆ ಗುಂಪಿನ ಬಗ್ಗೆ ನೀವು ಬರೆದದ್ದನ್ನು ಸಿಕ್ಕಷ್ಟೂ ಓದಿದ್ದೇನೆ. ನನ್ನ ದೂರು ಒಂದೇ. ದೀರ್ಘಕಾಲದ ಕಾಯಿಲೆಯನ್ನೂ ಮುಪ್ಪನ್ನೂ ನೀವು ಸಾವಿಗೆ ವಿವರಣೆಯಾಗಿ ಬಳಸುತ್ತೀರಿ. ಸಾವನ್ನು ತಡೆಯುವ ಕೆಲಸ ಅಲ್ಲಿಂದ ಶುರುವಾಗಬೇಕು ಎಂದು ಯೋಜನೆಯಲ್ಲಿ ಬರೆಯುವುದಿಲ್ಲ.

ಕೋವಿಡ್ ಕಾಲದ ದಿನದಿನದ ಬುಲೆಟಿನ್‌ಗಳನ್ನು ನೆನಪಿಸಿಕೊಳ್ಳಿ. ಎಷ್ಟೋ ದೇಶಗಳಲ್ಲಿ ಸಾವಿನ ಸಂಖ್ಯೆಯ ಪಕ್ಕದಲ್ಲೇ ಒಂದು ಸಾಲು ಇರುತ್ತಿತ್ತು: ಮೃತರಿಗೆ ಮೊದಲೇ ಬೇರೆ ಕಾಯಿಲೆಗಳಿದ್ದವು. ಬರೆದವರ ಉದ್ದೇಶ ಕೆಟ್ಟದ್ದೇನಲ್ಲ, ವೈದ್ಯರಿಗೆ ಅದು ಬೇಕಾದ ಮಾಹಿತಿಯೇ. ಆದರೆ ಓದುವವರಿಗೆ ಅದರಿಂದ ಸಿಕ್ಕಿದ್ದು ಸಮಾಧಾನ. ಹೇಗಿದ್ದರೂ ಅವರು ಹೆಚ್ಚು ದಿನ ಬದುಕುತ್ತಿರಲಿಲ್ಲ, ವೈರಸ್ಸು ನಾಲ್ಕು ದಿನ ಮುಂಚೆ ಕರೆದುಕೊಂಡು ಹೋಯಿತು ಅಷ್ಟೆ ಎಂಬ ಭಾವ. ಆ ಭಾವ ನಿಜವೇ ಎಂದು ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿ ನೋಡಿದರು. ಇಟಲಿಯಲ್ಲಿ ತೀರಿಕೊಂಡವರ ವಯಸ್ಸು ಮತ್ತು ಕಾಯಿಲೆಗಳ ವಿವರ ಹಿಡಿದು, ಅಂಥದೇ ಕಾಯಿಲೆಗಳಿರುವವರು ಸಾಮಾನ್ಯವಾಗಿ ಎಷ್ಟು ವರ್ಷ ಬದುಕುತ್ತಾರೆ ಎಂಬುದರ ಜೊತೆ ಹೋಲಿಸಿದರು. ಕಾಯಿಲೆಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಕೋವಿಡ್‌ನಿಂದ ಸತ್ತ ಒಬ್ಬೊಬ್ಬರು ಕಳೆದುಕೊಂಡ ಆಯುಷ್ಯ ಸರಾಸರಿ 10 ವರ್ಷಕ್ಕಿಂತ ಹೆಚ್ಚು ಎಂದು ಕಂಡುಬಂತು. ನಮಗೆ ಕಾಯಿಲೆ ಇದೆ, ನಿಜ. ಕಾಯಿಲೆ ಇಟ್ಟುಕೊಂಡೇ ದುಡಿಯುತ್ತೇವೆ, ಮೊಮ್ಮಕ್ಕಳನ್ನು ಬೆಳೆಸುತ್ತೇವೆ, ತೆರಿಗೆ ಕಟ್ಟುತ್ತೇವೆ. ನಮ್ಮ ಮುಂದಿನ ಹತ್ತು ವರ್ಷವನ್ನು ಇಲ್ಲವೆಂದೇ ಲೆಕ್ಕ ಹಾಕುವ ಹಕ್ಕು ಯಾವ ಬುಲೆಟಿನ್‌ಗೂ ಇಲ್ಲ.

ನಾವೇನು ಸಣ್ಣ ಗುಂಪೂ ಅಲ್ಲ. 2020ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಂದಾಜಿನ ಪ್ರಕಾರ, ಕೋವಿಡ್ ತೀವ್ರವಾಗಿ ಬಾಧಿಸಬಹುದಾದ ಒಂದಾದರೂ ದೀರ್ಘಕಾಲದ ಕಾಯಿಲೆ ಇದ್ದವರು ಲೋಕದಲ್ಲಿ ಸುಮಾರು 170 ಕೋಟಿ, ಅಂದರೆ ಒಟ್ಟು ಜನಸಂಖ್ಯೆಯ ಶೇ. 22. ಇಪ್ಪತ್ತು ವರ್ಷದೊಳಗಿನವರಲ್ಲಿ ಈ ಪ್ರಮಾಣ ಶೇ. 5ಕ್ಕಿಂತ ಕಡಿಮೆ, 70 ದಾಟಿದವರಲ್ಲಿ ಶೇ. 66ಕ್ಕಿಂತ ಹೆಚ್ಚು. ಪ್ರತಿ ಐವರಲ್ಲಿ ಒಬ್ಬರನ್ನು ‘ವಿಶೇಷ ವರ್ಗ’ ಎಂದು ಕರೆದು ಯೋಜನೆಯ ಅನುಬಂಧಕ್ಕೆ ತಳ್ಳುವುದು ಹೇಗೆ ಸಾಧ್ಯ?

ವಯಸ್ಸಿನ ವಿಚಾರಕ್ಕೆ ಬರುತ್ತೇನೆ. ಕೋವಿಡ್‌ನಲ್ಲಿ ವಯಸ್ಸಿನಷ್ಟು ದೊಡ್ಡ ಅಪಾಯ ಬೇರೊಂದಿರಲಿಲ್ಲ. ಲಸಿಕೆ ಬರುವ ಮುಂಚಿನ ಅಂಕಿಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆಯಲ್ಲಿ, ಸೋಂಕು ತಗುಲಿದವರ ಪೈಕಿ ಸತ್ತವರ ಪ್ರಮಾಣ 25ನೇ ವಯಸ್ಸಿನಲ್ಲಿ ಶೇ. 0.01, 55ರಲ್ಲಿ ಶೇ. 0.4, 65ರಲ್ಲಿ ಶೇ. 1.4, 75ರಲ್ಲಿ ಶೇ. 4.6, 85ರಲ್ಲಿ ಶೇ. 15. ಇಪ್ಪತ್ತೈದರವರಿಗೂ ಎಂಬತ್ತೈದರವರಿಗೂ ನಡುವೆ ಸಾವಿರ ಪಟ್ಟಿಗೂ ಮಿಕ್ಕ ಅಂತರ. ಆದ್ದರಿಂದ ಒಂದು ದೇಶದ ಜನಸಂಖ್ಯೆಯಲ್ಲಿ ಹಿರಿಯರ ಪಾಲು ಎಷ್ಟೆಂಬುದು ಅಲ್ಲಿನ ಸಾವಿನ ಲೆಕ್ಕವನ್ನು ಬಹುಮಟ್ಟಿಗೆ ಮೊದಲೇ ಬರೆದಿಟ್ಟ ಹಾಗೆ ಕಾಣುತ್ತದೆ. ಇಟಲಿಯಲ್ಲಿ 65 ದಾಟಿದವರು ಸುಮಾರು ನಾಲ್ಕರಲ್ಲೊಬ್ಬರು. ಆಫ್ರಿಕಾದ ನೈಜರ್‌ನಲ್ಲಿ ಜನಸಂಖ್ಯೆಯ ಅರ್ಧದಷ್ಟು ಮಂದಿ ಹದಿನೈದರ ಆಸುಪಾಸಿನ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳು. ಒಂದೇ ವೈರಸ್ಸು ಈ ಎರಡು ದೇಶಗಳಿಗೆ ಒಂದೇ ರೀತಿಯ ಸಂಕಟ ತರಲಾರದು.

ಮುಪ್ಪಿನಲ್ಲಿ ದೇಹದೊಳಗೆ ಆಗುವುದೇನು ಎಂಬುದನ್ನು ನಿಮ್ಮ ತಜ್ಞರು ನನಗಿಂತ ಚೆನ್ನಾಗಿ ಬಲ್ಲರು. ಆದರೂ ಇಲ್ಲಿ ಬರೆಯುತ್ತೇನೆ, ಈ ಪತ್ರವನ್ನು ಜನರೂ ಓದುತ್ತಾರೆ. ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿ ಇದೆ. ಹಿಂದೆಂದೂ ಕಾಣದ ರೋಗಾಣುವನ್ನು ಗುರುತಿಸಬಲ್ಲ ಹೊಸ ಟಿ-ಕಣಗಳು ತಯಾರಾಗುವುದು ಅಲ್ಲಿ. ಹರೆಯ ಕಳೆದಂತೆ ಅದು ಕುಗ್ಗುತ್ತ ಬಂದು ಮುಪ್ಪಿನ ಹೊತ್ತಿಗೆ ಬಹುಪಾಲು ಕೊಬ್ಬಾಗಿರುತ್ತದೆ. ಹಳೆಯ ಶತ್ರುಗಳ ನೆನಪು ದೇಹಕ್ಕಿರುತ್ತದೆ, ಹೊಸಬನನ್ನು ಎದುರಿಸುವ ಪಡೆ ಮಾತ್ರ ತೆಳುವಾಗಿರುತ್ತದೆ. ಇನ್ನೊಂದು ಕಡೆ, ಯಾವ ಸೋಂಕೂ ಇಲ್ಲದಾಗಲೂ ಒಳಗೊಳಗೇ ಸಣ್ಣ ಪ್ರಮಾಣದ ಉರಿಯೂತ ನಡೆಯುತ್ತಲೇ ಇರುತ್ತದೆ. ಬೊಜ್ಜು, ಸಕ್ಕರೆ ಕಾಯಿಲೆ, ಹೃದಯದ ರಕ್ತನಾಳಗಳ ಕಾಯಿಲೆ ಇದ್ದರೆ ಅದು ಇನ್ನೂ ಜಾಸ್ತಿ. ವೈರಸ್ಸು ಒಳಹೊಕ್ಕಾಗ ತಡೆಯುವ ಪ್ರತಿಕ್ರಿಯೆ ತಡವಾಗಿ ಬರುತ್ತದೆ, ಬಂದ ಮೇಲೆ ಹದ ಮೀರುತ್ತದೆ. ಮತ್ತೊಂದು ಸಂಗತಿ 2020 ಮತ್ತು 2021ರಲ್ಲಿ ಬೆಳಕಿಗೆ ಬಂತು. ವೈರಸ್ಸಿನ ವಿರುದ್ಧ ದೇಹ ಮೊದಲು ಎತ್ತುವ ಅಸ್ತ್ರ ಇಂಟರ್‌ಫೆರಾನ್. ಕೆಲವರ ದೇಹ ಆ ಇಂಟರ್‌ಫೆರಾನನ್ನೇ ಕಟ್ಟಿಹಾಕುವ ಪ್ರತಿಕಾಯಗಳನ್ನು ಸೋಂಕಿಗೆ ಮೊದಲೇ ತಯಾರಿಸಿಕೊಂಡಿರುತ್ತದೆ. 70 ದಾಟಿದವರಲ್ಲಿ ಸುಮಾರು ಶೇ. 4 ಜನರಲ್ಲಿ ಇವು ಇದ್ದವು. ಕೋವಿಡ್‌ನಿಂದ ಸತ್ತವರಲ್ಲಿ ಸುಮಾರು ಐವರಲ್ಲೊಬ್ಬರಲ್ಲಿ ಕಂಡವು. ಎಪ್ಪತ್ತು ವರ್ಷದ ಇಬ್ಬರು ಹೊರಗಿನಿಂದ ಒಂದೇ ರೀತಿ ಗಟ್ಟಿಮುಟ್ಟಾಗಿ ಕಂಡರೂ ಒಬ್ಬರು ಏಕೆ ವಾರದೊಳಗೆ ಕುಸಿದರು ಎಂಬುದಕ್ಕೆ ಒಂದು ಉತ್ತರ ಇಲ್ಲಿದೆ.

ಇಷ್ಟೆಲ್ಲ ಹೇಳಿ ಮುಪ್ಪೇ ವಿಧಿ ಎಂದು ಒಪ್ಪಿಕೊಂಡರೆ ಈ ಪತ್ರ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಜಪಾನನ್ನು ನೋಡಿ. ಲೋಕದಲ್ಲೇ ಅತಿ ಹೆಚ್ಚು ಮುದುಕರಿರುವ ದೊಡ್ಡ ದೇಶ, ಹತ್ತರಲ್ಲಿ ಸುಮಾರು ಮೂವರು 65 ದಾಟಿದವರು. ಕೋವಿಡ್‌ನ ಮೊದಲ ವರ್ಷವಾದ 2020ರಲ್ಲಿ ಅಲ್ಲಿ ನಿರೀಕ್ಷೆಗಿಂತ ಕಡಿಮೆ ಸಾವುಗಳಾದವು. ಇನ್ನು ಹಾಂಗ್‌ಕಾಂಗ್ ಮತ್ತು ನ್ಯೂಜಿಲೆಂಡನ್ನು ಜೊತೆಗಿಟ್ಟು ನೋಡಿ. ಎರಡೂ ಕಡೆ 2022ರ ಆರಂಭದವರೆಗೆ ಗಡಿ ಬಿಗಿಮಾಡಿ ವೈರಸ್ಸನ್ನು ಬಹುಮಟ್ಟಿಗೆ ತಡೆದಿದ್ದರು, ಎರಡೂ ಕಡೆ ಲಸಿಕೆಯ ಕೊರತೆ ಇರಲಿಲ್ಲ, ಎರಡೂ ಕಡೆ ನುಗ್ಗಿದ್ದು ಒಮಿಕ್ರಾನ್ ತಳಿಯೇ. ನ್ಯೂಜಿಲೆಂಡ್‌ನಲ್ಲಿ ಅಷ್ಟು ಹೊತ್ತಿಗೆ ಹಿರಿಯರಲ್ಲಿ ಬಹುಪಾಲು ಎಲ್ಲರಿಗೂ ಲಸಿಕೆ ಆಗಿತ್ತು. ಹಾಂಗ್‌ಕಾಂಗ್‌ನಲ್ಲಿ 60 ದಾಟಿದವರಲ್ಲಿ ಎರಡು ಡೋಸ್ ಪಡೆದವರು ಅರ್ಧದಷ್ಟು ಮಾತ್ರ, ವಯಸ್ಸು ಏರಿದಷ್ಟೂ ಆ ಪ್ರಮಾಣ ಇನ್ನೂ ಕಡಿಮೆ. ದೀರ್ಘಕಾಲದ ಕಾಯಿಲೆ ಇರುವವರಿಗೆ ಲಸಿಕೆ ಆಗಿಬರುವುದಿಲ್ಲ ಎಂಬ ಅಂಜಿಕೆಯೂ ಅದಕ್ಕೊಂದು ಕಾರಣವಾಗಿತ್ತು. ಯಾರಿಗೆ ಅದು ಎಲ್ಲರಿಗಿಂತ ಮೊದಲು ಬೇಕಿತ್ತೋ ಅವರೇ ಹಿಂದೆ ಸರಿದರು. ಜನವರಿ ಮೊದಲ ವಾರದಿಂದ ಮಾರ್ಚ್ 21ರ ಒಳಗೆ ಅಲ್ಲಿ ವರದಿಯಾದ ಸುಮಾರು 5,900 ಸಾವುಗಳಲ್ಲಿ ಶೇ. 96 ಜನ 60 ದಾಟಿದವರು, ಅವರಲ್ಲಿ ಹತ್ತಕ್ಕೆ ಏಳು ಮಂದಿ ಲಸಿಕೆ ಪಡೆಯದವರು. ನ್ಯೂಜಿಲೆಂಡ್‌ನಲ್ಲಿ ಸಾವು ತೀರಾ ಕಡಿಮೆ ಇತ್ತು. ಎರಡೂ ಕಡೆ ಮುದುಕರಿದ್ದರು. ಒಂದು ಕಡೆ ಅವರ ಮನೆ ಬಾಗಿಲಿಗೆ ಹೋಗಿ ಹೆದರಿಕೆ ಬಿಡಿಸುವ ಕೆಲಸ ವೇಳೆಗೆ ಸರಿಯಾಗಿ ನಡೆಯಿತು, ಇನ್ನೊಂದು ಕಡೆ ನಡೆಯಲಿಲ್ಲ.

ಮುಂದಿನ ವೈರಸ್ಸೂ ಮುದುಕರನ್ನೇ ಹುಡುಕಿಕೊಂಡು ಬರುತ್ತದೆ ಎಂದೇನೂ ಇಲ್ಲ, ಒಪ್ಪುತ್ತೇನೆ. 1918ರ ಇನ್‌ಫ್ಲುಯೆಂಜಾ 20ರಿಂದ 40ರ ಪ್ರಾಯದವರನ್ನು ಬಲಿ ತೆಗೆದುಕೊಂಡದ್ದು ಎಲ್ಲರಿಗೂ ಗೊತ್ತು. 2009ರ ಎಚ್1ಎನ್1 ಹಾವಳಿಯಲ್ಲಿ ಸತ್ತವರಲ್ಲಿ ಸುಮಾರು ಶೇ. 80 ಮಂದಿ 65ರೊಳಗಿನವರು. ಹಳೆಯ ತಲೆಮಾರಿನವರು ಬಾಲ್ಯದಲ್ಲಿ ಅದರ ಸಂಬಂಧಿ ವೈರಸ್ಸುಗಳನ್ನು ಕಂಡಿದ್ದರಿಂದ ಅವರಿಗೆ ಸ್ವಲ್ಪ ರಕ್ಷಣೆ ಇತ್ತು. ಆದರೆ ಆ ವರ್ಷವೂ ತೀವ್ರ ಬೊಜ್ಜು ಇದ್ದವರು, ಆಸ್ತಮಾ, ಸಕ್ಕರೆ ಕಾಯಿಲೆ, ಹೃದ್ರೋಗ ಇದ್ದವರು, ಗರ್ಭಿಣಿಯರು ಹೆಚ್ಚು ನರಳಿದರು. ವಯಸ್ಸಿನ ರೇಖೆ ಪ್ರತಿ ಸಲ ಬದಲಾಗಬಹುದು. ಕಾಯಿಲೆಯ ರೇಖೆ ಅಷ್ಟು ಬದಲಾಗುವುದಿಲ್ಲ. ನಿಮ್ಮ ಯೋಜನೆಯಲ್ಲಿ ಯಾವುದಾದರೂ ಒಂದು ವಿಷಯ ವೈರಸ್ಸಿನ ಹೆಸರು ಗೊತ್ತಾಗುವ ಮುಂಚೆಯೇ ಬರೆಯಬಹುದಾದದ್ದು ಇದ್ದರೆ ಅದು ಇದೇ.

ಈಗ ನನಗೆ ಅತ್ಯಂತ ಮುಖ್ಯವೆನಿಸುವ ಮಾತು. ಇಂಗ್ಲೆಂಡ್‌ನಲ್ಲಿ 1.7 ಕೋಟಿಗೂ ಹೆಚ್ಚು ಜನರ ಆರೋಗ್ಯ ದಾಖಲೆಗಳನ್ನು ಒಟ್ಟಿಗೆ ಇಟ್ಟು ಕೋವಿಡ್ ಸಾವುಗಳನ್ನು ವಿಶ್ಲೇಷಿಸಿದ ಅಧ್ಯಯನವೊಂದು 2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ವಯಸ್ಸು, ಲಿಂಗ, ಇತರ ಕಾಯಿಲೆಗಳ ಪ್ರಭಾವವನ್ನೆಲ್ಲ ಕಳೆದು ನೋಡಿದಾಗ, ಸಕ್ಕರೆ ಕಾಯಿಲೆ ಹತೋಟಿಯಲ್ಲಿದ್ದವರಿಗೆ ಸಾವಿನ ಅಪಾಯ ಇತರರಿಗಿಂತ ಶೇ. 31ರಷ್ಟು ಹೆಚ್ಚು. ಹತೋಟಿ ತಪ್ಪಿದವರಿಗೆ ಶೇ. 95ರಷ್ಟು ಹೆಚ್ಚು, ಅಂದರೆ ಸುಮಾರು ಎರಡರಷ್ಟು. ಕಾಯಿಲೆ ಒಂದೇ. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 7.5ರ ಆಚೆ ಮತ್ತು ಈಚೆ ಎಂಬುದಷ್ಟೇ ವ್ಯತ್ಯಾಸ. ಆ ಅಂತರವೆಲ್ಲ ಮಾತ್ರೆ ಮತ್ತು ಇನ್ಸುಲಿನ್‌ನದೇ ಎಂದು ಹೇಳಲಾಗದು. ಹತೋಟಿ ತಪ್ಪಿದವರಲ್ಲಿ ಹಲವರ ಕಾಯಿಲೆಯೇ ಹೆಚ್ಚು ಉಲ್ಬಣಗೊಂಡಿರುತ್ತದೆ, ಹಲವರು ಬಡವರಾಗಿರುತ್ತಾರೆ. ಅದೇ ಅಧ್ಯಯನದಲ್ಲಿ ಅತ್ಯಂತ ಬಡ ಪ್ರದೇಶಗಳವರಿಗೆ ಅತ್ಯಂತ ಅನುಕೂಲಸ್ಥ ಪ್ರದೇಶಗಳವರಿಗಿಂತ ಸಾವಿನ ಅಪಾಯ ಶೇ. 79ರಷ್ಟು ಹೆಚ್ಚಿತ್ತು. ಬಡತನ, ತಪ್ಪಿದ ಚಿಕಿತ್ಸೆ, ಹಾಳಾದ ಅಂಗಾಂಗ ಇವು ಮೂರೂ ಒಬ್ಬ ವ್ಯಕ್ತಿಯಲ್ಲಿ ಒಟ್ಟಿಗೇ ಕೂಡಿಕೊಂಡಿರುತ್ತವೆ. ಇಂಗ್ಲೆಂಡ್‌ನ ಆಸ್ಪತ್ರೆಗಳಲ್ಲಿ ಮೊದಲ ಅಲೆಯಲ್ಲಿ ಸತ್ತವರ ಪೈಕಿ ಮೂರನೇ ಒಂದು ಭಾಗ ಸಕ್ಕರೆ ಕಾಯಿಲೆಯವರು ಎಂದು ಇನ್ನೊಂದು ಅಧ್ಯಯನ ಹೇಳಿತು. ವೈರಸ್ಸು ಬರುವುದಕ್ಕೆ ಹತ್ತು ವರ್ಷ ಮೊದಲು ಒಬ್ಬರ ಸಕ್ಕರೆಯನ್ನು ಯಾರಾದರೂ ಸರಿಯಾಗಿ ನೋಡಿಕೊಂಡಿದ್ದರೆ, ಅವರ ಕಿಡ್ನಿ ಉಳಿದಿದ್ದರೆ, ಆ ಸಾವುಗಳಲ್ಲಿ ಒಂದು ಭಾಗ ಆಗುತ್ತಲೇ ಇರಲಿಲ್ಲ. ಸಿದ್ಧತೆಯ ಬಹುಪಾಲು ಕೆಲಸ ನಡೆಯಬೇಕಾದ್ದು ಆ ಹತ್ತು ವರ್ಷಗಳಲ್ಲಿ.

ಬಿಪಿಯ ವಿಷಯವೂ ಹೀಗೆಯೇ, ಸ್ವಲ್ಪ ಸುತ್ತುಬಳಸಿ. ಅದೇ ಅಧ್ಯಯನದಲ್ಲಿ ಬೇರೆಲ್ಲ ಕಾಯಿಲೆಗಳ ಪ್ರಭಾವ ಕಳೆದಾಗ ಬಿಪಿ ಒಂದೇ ದೊಡ್ಡ ಅಪಾಯವಾಗಿ ಕಾಣಲಿಲ್ಲ. ಆದರೆ ತೀವ್ರವಾಗಿ ಕೆಟ್ಟ ಕಿಡ್ನಿ ಇದ್ದವರ ಅಪಾಯ ಎರಡೂವರೆ ಪಟ್ಟು. ಅಷ್ಟೊಂದು ಕಿಡ್ನಿಗಳು ಕೆಡುವುದಕ್ಕೆ ಸಕ್ಕರೆ ಕಾಯಿಲೆಯ ಜೊತೆಗೆ ವರ್ಷಗಟ್ಟಲೆ ಹತೋಟಿ ಇಲ್ಲದ ಬಿಪಿಯೇ ದೊಡ್ಡ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ ಲೋಕದಲ್ಲಿ 30ರಿಂದ 79 ವರ್ಷದೊಳಗೆ ಸುಮಾರು 130 ಕೋಟಿ ಜನರಿಗೆ ಬಿಪಿ ಇದೆ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಅದು ತಮಗಿದೆ ಎಂಬುದೇ ಗೊತ್ತಿಲ್ಲ. ಹತೋಟಿಯಲ್ಲಿ ಇಟ್ಟುಕೊಂಡವರು ಐವರಲ್ಲಿ ಒಬ್ಬರಷ್ಟೆ. ಪರೀಕ್ಷೆಗೆ ಬೇಕಾದ್ದು ತೋಳಿಗೆ ಕಟ್ಟುವ ಒಂದು ಪಟ್ಟಿ ಮತ್ತು ಐದು ನಿಮಿಷ, ಚಿಕಿತ್ಸೆಗೆ ಬೇಕಾದ್ದು ಪೇಟೆಂಟ್ ಮುಗಿದ ಹಳೆಯ ಮಾತ್ರೆಗಳು. ಈ ಕೆಲಸವನ್ನು ದೇಶಗಳು ಸರಿಯಾಗಿ ಮಾಡಿದರೆ 2050ರೊಳಗೆ 7.6 ಕೋಟಿ ಸಾವುಗಳನ್ನು ತಪ್ಪಿಸಬಹುದು ಎಂದು ಅದೇ ವರದಿ ಹೇಳಿದೆ. ಒಂದೂ ಸಾಂಕ್ರಾಮಿಕ ಬಾರದೆ ಹೋದರೂ ಸಿಗುವ ಲಾಭ ಅದು.

2019ರ ಜಾಗತಿಕ ಆರೋಗ್ಯ ಭದ್ರತಾ ಸೂಚ್ಯಂಕ ನೆನಪಿರಬಹುದು. ಮಹಾಮಾರಿಗೆ ಸಿದ್ಧವಿರುವ ದೇಶಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಅಮೆರಿಕಕ್ಕೆ, ಎರಡನೆಯದು ಬ್ರಿಟನ್ನಿಗೆ. ಅಮೆರಿಕದಲ್ಲಿ ಕೋವಿಡ್‌ನಿಂದ 10 ಲಕ್ಷಕ್ಕೂ ಹೆಚ್ಚು ಜನ ಸತ್ತರು, ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು. ಇದಕ್ಕೆ ರಾಜಕೀಯ ಕಾರಣಗಳಿವೆ, ಆಡಳಿತದ ಎಡವಟ್ಟುಗಳಿವೆ. ಆದರೆ ಅಮೆರಿಕದ ವಯಸ್ಕರಲ್ಲಿ ಶೇ. 40ಕ್ಕಿಂತ ಹೆಚ್ಚು ಜನ ಬೊಜ್ಜಿನವರು ಎಂಬ ಸಂಗತಿ ಆ ಶ್ರೇಯಾಂಕವನ್ನು ಅಲುಗಿಸಲಿಲ್ಲ ಎಂಬುದನ್ನು ಯಾರಾದರೂ ಗಂಭೀರವಾಗಿ ಯೋಚಿಸಬೇಕಲ್ಲವೇ? ಪ್ರಯೋಗಾಲಯ, ನಿಗಾ ವ್ಯವಸ್ಥೆ, ತುರ್ತು ಕಾನೂನು ಎಲ್ಲವನ್ನೂ ಅಳೆದರು. ವೈರಸ್ಸು ಯಾರ ಮೇಲೆ ಬಂದು ಬೀಳುತ್ತದೋ ಆ ಜನರ ಆರೋಗ್ಯಕ್ಕೆ ಸಿಗಬೇಕಾದ ತೂಕ ಸಿಗಲಿಲ್ಲ.

ಯುವಜನರೇ ಹೆಚ್ಚಿರುವ ದೇಶಗಳ ಪ್ರತಿನಿಧಿಗಳಿಗೆ ಒಂದು ಮಾತು. ನಮ್ಮಲ್ಲಿ ಮುದುಕರು ಕಡಿಮೆ, ನಾವು ಹೇಗೋ ಪಾರಾಗುತ್ತೇವೆ ಎಂಬ ನಂಬಿಕೆಗೆ ಆಧಾರ ಗಟ್ಟಿಯಿಲ್ಲ. ಅಭಿವೃದ್ಧಿಶೀಲ ದೇಶಗಳ ಅಂಕಿಗಳನ್ನು ಒಟ್ಟುಹಾಕಿದ 2022ರ ಅಧ್ಯಯನವೊಂದರಲ್ಲಿ, ಒಂದೇ ವಯಸ್ಸಿನವರನ್ನು ಹೋಲಿಸಿದಾಗ ಅಲ್ಲಿನವರ ಸಾವಿನ ಅಪಾಯ ಶ್ರೀಮಂತ ದೇಶಗಳವರ ಸುಮಾರು ಎರಡರಷ್ಟು ಇತ್ತು. ಪೆರುವಿನ ಜನಸಂಖ್ಯೆ ಯುರೋಪಿನದಕ್ಕಿಂತ ಎಷ್ಟೋ ಎಳೆಯದು. ಆದರೂ ಜನಸಂಖ್ಯೆಗೆ ಹೋಲಿಸಿದರೆ ಲೋಕದಲ್ಲೇ ಅತಿ ಹೆಚ್ಚು ಕೋವಿಡ್ ಸಾವು ಕಂಡ ದೇಶಗಳ ಸಾಲಿನಲ್ಲಿ ಅದು ಮೇಲೆ ಬಂತು. ಅಲ್ಲಿ ಆಕ್ಸಿಜನ್ ಇಲ್ಲದೆ ಜನ ಸತ್ತರು. 2021ರಲ್ಲಿ ಸರ್ಕಾರ ಲೆಕ್ಕ ಪರಿಷ್ಕರಿಸಿದಾಗ ಸುಮಾರು 69,000 ಇದ್ದ ಸಾವಿನ ಸಂಖ್ಯೆ ಒಂದೇ ಏಟಿಗೆ 1.8 ಲಕ್ಷ ದಾಟಿತು. ಬಡ ದೇಶಗಳಲ್ಲಿ ಸಕ್ಕರೆ ಕಾಯಿಲೆ, ಬಿಪಿ ಎಳೆಯ ವಯಸ್ಸಿಗೇ ಬರುತ್ತವೆ, ತಡವಾಗಿ ಪತ್ತೆಯಾಗುತ್ತವೆ. ದಾಖಲೆಯಲ್ಲಿ ಇಲ್ಲದ ಕಾಯಿಲೆ ದೇಹದಲ್ಲಿ ಇಲ್ಲ ಎಂದರ್ಥವಲ್ಲ.

ಮೇಲಾಗಿ ಎಳೆತನ ಹೆಚ್ಚು ದಿನ ಉಳಿಯುವುದೂ ಇಲ್ಲ. 65 ದಾಟಿದವರ ಪಾಲು ಶೇ. 7ರಿಂದ 14ಕ್ಕೆ ಏರಲು ಫ್ರಾನ್ಸಿಗೆ ಸುಮಾರು 115 ವರ್ಷ ಹಿಡಿಯಿತು. ಈಗ ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕದ ಹಲವು ದೇಶಗಳು ಅದೇ ದೂರವನ್ನು 25 ವರ್ಷದ ಆಸುಪಾಸಿನಲ್ಲಿ ಕ್ರಮಿಸುತ್ತಿವೆ. ವಿಶ್ವಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಲೋಕದ ಜನಸಂಖ್ಯೆಯಲ್ಲಿ ಶೇ. 10 ಇದ್ದ 65 ದಾಟಿದವರು 2050ಕ್ಕೆ ಶೇ. 16 ಆಗುತ್ತಾರೆ. 80 ದಾಟಿದವರ ಸಂಖ್ಯೆ ಮೂರು ಪಟ್ಟಾಗಿ 42 ಕೋಟಿ ಮೀರುತ್ತದೆ. ನೀವು ಇಂದು ಬರೆಯುವ ಯೋಜನೆ ಜಾರಿಗೆ ಬರುವ ಹೊತ್ತಿಗೆ ನಿಮ್ಮ ಜನ ಇಂದಿನಷ್ಟು ಎಳೆಯರಾಗಿರುವುದಿಲ್ಲ.

ನಮ್ಮಂಥವರನ್ನು ಕೊಂದದ್ದು ವೈರಸ್ಸೊಂದೇ ಅಲ್ಲ ಎಂಬುದನ್ನೂ ಹೇಳಬೇಕು. 2020ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ 155 ದೇಶಗಳ ಸಮೀಕ್ಷೆ ಮಾಡಿತು. ಬಿಪಿ ಚಿಕಿತ್ಸೆ ಶೇ. 53 ದೇಶಗಳಲ್ಲಿ ಪೂರ್ತಿಯಾಗಿಯೋ ಭಾಗಶಃವೋ ನಿಂತಿತ್ತು. ಸಕ್ಕರೆ ಕಾಯಿಲೆಯದು ಶೇ. 49ರಲ್ಲಿ, ಕ್ಯಾನ್ಸರ್‌ನದು ಶೇ. 42ರಲ್ಲಿ, ಹೃದಯದ ತುರ್ತು ಸೇವೆ ಶೇ. 31ರಲ್ಲಿ. ಈ ಕಾಯಿಲೆಗಳನ್ನು ನೋಡಿಕೊಳ್ಳಬೇಕಿದ್ದ ಆರೋಗ್ಯ ಇಲಾಖೆಯ ಸಿಬ್ಬಂದಿಯನ್ನು ಶೇ. 94 ದೇಶಗಳು ಕೋವಿಡ್ ಕೆಲಸಕ್ಕೆ ಎಳೆದುಕೊಂಡಿದ್ದವು. ಕೋವಿಡ್ ಯಾರನ್ನು ಹೆಚ್ಚು ಕೊಲ್ಲುತ್ತದೆ ಎಂದು ಗೊತ್ತಿದ್ದೂ ಅವರ ವೈದ್ಯರನ್ನೇ, ನರ್ಸ್‌ಗಳನ್ನೇ ಬೇರೆ ಕಡೆ ಕಳಿಸಲಾಯಿತು. ಹೃದಯಾಘಾತವಾಗಿ ಆಸ್ಪತ್ರೆಗೆ ಸೇರುವವರ ಸಂಖ್ಯೆ ಇಂಗ್ಲೆಂಡ್‌ನಲ್ಲಿ 2020ರ ಮಾರ್ಚ್ ಕೊನೆಗೆ ಶೇ. 40ರಷ್ಟು ಇಳಿಯಿತು. ಹೃದಯಾಘಾತಗಳೇನೂ ಅಷ್ಟು ಕಡಿಮೆಯಾಗಿರಲಿಲ್ಲ. ಎದೆನೋವು ಬಂದವರು ಸೋಂಕಿಗೆ ಹೆದರಿ ಮನೆಯಲ್ಲೇ ಉಳಿದರು, ಬಂದರೆ ಹೊರೆಯಾಗುತ್ತೇವೆ ಎಂದು ಹಿಂಜರಿದರು. ಸೋಂಕು ಮತ್ತು ಹೃದ್ರೋಗ ಬೇರೆ ಬೇರೆ ಖಾತೆಗಳೆಂಬ ಎಣಿಕೆಯೇ ತಪ್ಪು. ಇನ್‌ಫ್ಲುಯೆಂಜಾ ದೃಢಪಟ್ಟ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಂಭವ ಆರು ಪಟ್ಟು ಏರುತ್ತದೆ ಎಂದು 2018ರಲ್ಲೇ ಕೆನಡಾದ ಸಂಶೋಧಕರು ತೋರಿಸಿದ್ದರು. 2020 ಮತ್ತು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದ ಹೆಚ್ಚುವರಿ ಸಾವು, ಅಂದರೆ ಮಾಮೂಲಿ ವರ್ಷಗಳ ಲೆಕ್ಕದಲ್ಲಿ ನಿರೀಕ್ಷಿಸಿದ್ದಕ್ಕಿಂತ ಹೆಚ್ಚಾಗಿ ಆದ ಸಾವು, 1.49 ಕೋಟಿ, ದೇಶಗಳು ಕೋವಿಡ್ ಎಂದು ವರದಿ ಮಾಡಿದ್ದು 54 ಲಕ್ಷ. ನಡುವಿನ ಅಂತರದಲ್ಲಿ ಪತ್ತೆಯಾಗದ ಕೋವಿಡ್ ಸಾವುಗಳೂ ಇವೆ, ಚಿಕಿತ್ಸೆ ಸಿಗದೆ ಹೋದವರೂ ಇದ್ದಾರೆ.

ವೃದ್ಧರ ಆರೈಕೆ ಕೇಂದ್ರಗಳ ಬಗ್ಗೆ ಬರೆಯುವುದು ನನಗೆ ಕಷ್ಟ. ಕೆನಡಾದಂಥ ಶ್ರೀಮಂತ ದೇಶದಲ್ಲಿ 2020ರ ಮೇ ಕೊನೆಯ ಹೊತ್ತಿಗೆ ವರದಿಯಾಗಿದ್ದ ಕೋವಿಡ್ ಸಾವುಗಳಲ್ಲಿ ಶೇ. 80ಕ್ಕೂ ಹೆಚ್ಚು ಇಂಥ ಕೇಂದ್ರಗಳ ನಿವಾಸಿಗಳದು. ಒಂದೇ ಕೋಣೆಯಲ್ಲಿ ಹಲವು ಹಾಸಿಗೆಗಳು, ಕಡಿಮೆ ಸಂಬಳಕ್ಕೆ ಎರಡು ಮೂರು ಕೇಂದ್ರಗಳಲ್ಲಿ ದುಡಿಯಬೇಕಾದ ಸಹಾಯಕರು, ಸಾಕಷ್ಟಿಲ್ಲದ ಮಾಸ್ಕುಗಳು. ಸಿಬ್ಬಂದಿ ಇಲ್ಲದೆ ಕೆಲವು ಕೇಂದ್ರಗಳಿಗೆ ಸೈನ್ಯವನ್ನು ಕಳಿಸಬೇಕಾಯಿತು. ಅದೇ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಮಾರ್ಚ್ ತಿಂಗಳಲ್ಲೇ ಒಬ್ಬ ಸಹಾಯಕರು ಒಂದೇ ಕೇಂದ್ರದಲ್ಲಿ ಕೆಲಸ ಮಾಡಬೇಕೆಂದು ಆದೇಶಿಸಿತು. ಇಂಥ ಆದೇಶಕ್ಕೆ ಹೊಸ ಔಷಧ ಬೇಕಿಲ್ಲ, ಹೊಸ ತಂತ್ರಜ್ಞಾನ ಬೇಕಿಲ್ಲ. ಸಹಾಯಕರಿಗೆ ಒಂದೇ ಕಡೆ ದುಡಿದು ಬದುಕುವಷ್ಟು ಸಂಬಳ ಕೊಡುವ ಮನಸ್ಸು ಬೇಕು.

ಐಸಿಯು ಹಾಸಿಗೆ ಸಾಲದಾದಾಗ ಯಾರಿಗೆ ಕೊಡುವುದು ಎಂಬ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಲಾರೆ. 2020ರ ಮಾರ್ಚ್‌ನಲ್ಲಿ ಇಟಲಿಯ ಐಸಿಯು ತಜ್ಞರ ಸಂಘ, ವಯಸ್ಸಿನ ಮಿತಿ ಹಾಕಬೇಕಾಗಬಹುದು ಎಂದು ಬರೆಯಿತು. ಆ ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ. ಅಂಥ ಆಯ್ಕೆಯ ಭಾರವನ್ನು ಅವರ ಹೆಗಲಿಗೆ ಹೊರಿಸಿದ್ದು ಅದಕ್ಕೂ ಹಿಂದಿನ ವರ್ಷಗಳ ನಿರ್ಧಾರಗಳು. ಅದೇ ತಿಂಗಳು ಇಂಗ್ಲೆಂಡ್‌ನ ಚಿಕಿತ್ಸಾ ಮಾರ್ಗಸೂಚಿಯಲ್ಲಿ ದೈಹಿಕ ನಿಶ್ಶಕ್ತಿಯ ಮಾಪನವನ್ನು ಸೇರಿಸಿದಾಗ ಅಂಗವೈಕಲ್ಯ ಉಳ್ಳವರ ಪರ ಸಂಘಟನೆಗಳು ಆಕ್ಷೇಪಿಸಿದವು, ಕೆಲವೇ ದಿನಗಳಲ್ಲಿ ತಿದ್ದುಪಡಿಯಾಯಿತು. ಬಾಗಿಲಿಗೆ ಬೆಂಕಿ ಬಿದ್ದಾಗ ಇಂಥ ನಿಯಮ ಬರೆಯಬಾರದು. ವಯಸ್ಸನ್ನೋ ಕಾಯಿಲೆಯ ಹೆಸರನ್ನೋ ಮಾತ್ರ ನೋಡಿ ಯಾರನ್ನೂ ಪಟ್ಟಿಯಿಂದ ತೆಗೆಯುವುದಿಲ್ಲ, ಆ ವ್ಯಕ್ತಿ ಚಿಕಿತ್ಸೆಯಿಂದ ಚೇತರಿಸಿಕೊಳ್ಳುವ ಸಾಧ್ಯತೆ ನೋಡುತ್ತೇವೆ ಎಂಬ ಮಾತನ್ನು ಈಗಲೇ, ಎಲ್ಲರ ಮುಂದೆ ಚರ್ಚಿಸಿ, ಬರೆದಿಡಿ.

2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಸಾಂಕ್ರಾಮಿಕ ಒಪ್ಪಂದವನ್ನು ಅಂಗೀಕರಿಸಿದ್ದನ್ನು ನಾನು ಸಂತೋಷದಿಂದ ಸ್ವಾಗತಿಸಿದೆ. ರೋಗಾಣು ಮಾದರಿಗಳ ಹಂಚಿಕೆ, ಲಸಿಕೆಯಲ್ಲಿ ಬಡ ದೇಶಗಳ ಪಾಲು, ಇವುಗಳ ಮೇಲೆ ವರ್ಷಗಟ್ಟಲೆ ಜಗ್ಗಾಡಿದ್ದು ವ್ಯರ್ಥವಲ್ಲ. ಅಷ್ಟೇ ಹಟವನ್ನು ಈ ವಿಷಯದಲ್ಲೂ ತೋರಿಸಿ ಎಂಬುದು ನನ್ನ ಬೇಡಿಕೆ. ಪ್ರತಿ ದೇಶದ ಸಿದ್ಧತಾ ಯೋಜನೆಯಲ್ಲಿ ಬಿಪಿ ಮತ್ತು ಸಕ್ಕರೆ ಎಷ್ಟು ಜನರಲ್ಲಿ ಪತ್ತೆಯಾಗಿದೆ, ಎಷ್ಟು ಜನರಲ್ಲಿ ಹತೋಟಿಯಲ್ಲಿದೆ ಎಂಬ ಅಂಕಿ ಇರಲಿ, ಪ್ರಯೋಗಾಲಯಗಳ ಸಂಖ್ಯೆಗೆ ಕೊಡುವ ಬೆಲೆಯನ್ನೇ ಅದಕ್ಕೂ ಕೊಡಿ. ಸೋಂಕು ಹರಡಲು ಶುರುವಾದ ದಿನವೇ ಇನ್ಸುಲಿನ್, ಬಿಪಿ ಮಾತ್ರೆ, ಇನ್‌ಹೇಲರ್‌ಗಳು ಮೂರು ತಿಂಗಳಿಗಾಗುವಷ್ಟು ರೋಗಿಯ ಕೈ ಸೇರುವ ವ್ಯವಸ್ಥೆ ಮೊದಲೇ ಸಿದ್ಧವಿರಲಿ. ಡಯಾಲಿಸಿಸ್, ಕೀಮೋಥೆರಪಿ, ಹೃದಯಾಘಾತದ ಚಿಕಿತ್ಸೆ ನಡೆಯುವ ಕಡೆಯ ಸಿಬ್ಬಂದಿಯನ್ನು ಬೇರೆ ಕೆಲಸಕ್ಕೆ ಎಳೆಯುವಂತಿಲ್ಲ ಎಂದು ಆದೇಶ ಇರಲಿ. ಲಸಿಕೆ ಮತ್ತು ಔಷಧಗಳ ಪ್ರಯೋಗಗಳಲ್ಲಿ 75 ದಾಟಿದವರನ್ನೂ ಎರಡು ಮೂರು ಕಾಯಿಲೆ ಇರುವವರನ್ನೂ ಮೊದಲಿನಿಂದಲೇ ಸೇರಿಸಿ. ಅವರಿಗೇ ಬೇಕಾದ ಔಷಧವನ್ನು ಅವರನ್ನು ಬಿಟ್ಟು ಪರೀಕ್ಷಿಸುವುದರಲ್ಲಿ ಅರ್ಥವಿಲ್ಲ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ, ದಶಕಗಳಷ್ಟು ಹಳೆಯದೂ ಅಗ್ಗವೂ ಆದ ಡೆಕ್ಸಾಮೆಥಸೋನ್ ವೆಂಟಿಲೇಟರ್‌ನಲ್ಲಿರುವವರ ಸಾವನ್ನು ಮೂರನೇ ಒಂದರಷ್ಟು ಇಳಿಸುತ್ತದೆ ಎಂದು ತೋರಿಸಿತು. ಅದು ಸಾಧ್ಯವಾದದ್ದು ಸಾಮಾನ್ಯ ಆಸ್ಪತ್ರೆಗಳ ಸಾಮಾನ್ಯ ರೋಗಿಗಳು ಸಾವಿರಗಟ್ಟಲೆ ಅದರಲ್ಲಿ ಪಾಲ್ಗೊಂಡದ್ದರಿಂದ.

ಕೊನೆಯದಾಗಿ, ಯೋಜನೆ ಬರೆಯುವ ಸಮಿತಿಗಳಲ್ಲಿ ಸೂಕ್ಷ್ಮಜೀವಿ ತಜ್ಞರ ಪಕ್ಕದಲ್ಲಿ ಸಕ್ಕರೆ ಕಾಯಿಲೆಯ ವೈದ್ಯರು, ವೃದ್ಧರ ಆರೈಕೆ ಮಾಡುವವರು, ಡಯಾಲಿಸಿಸ್‌ಗೆ ವಾರಕ್ಕೆ ಮೂರು ಸಲ ಹೋಗುವ ಒಬ್ಬ ರೋಗಿ, ಇವರನ್ನೂ ಕೂರಿಸಿ. ಮುಂದಿನ ಪರಿಷ್ಕರಣೆಯ ಕರಡನ್ನು ಅಂತಿಮಗೊಳಿಸುವ ಮುಂಚೆ ಸಾರ್ವಜನಿಕರ ಮುಂದಿಡಿ, ಆಕ್ಷೇಪ ಸಲ್ಲಿಸಲು ಕನಿಷ್ಠ ಮೂರು ತಿಂಗಳು ಕೊಡಿ. ನಾನು ಬರೆದು ಕಳಿಸುತ್ತೇನೆ, ನನ್ನಂಥ ಇನ್ನೂ ಎಷ್ಟೋ ಜನರಿಂದ ಬರೆಸುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಹಿರಿಯ ನಾಗರಿಕ